'ಗೋ' ಮನೆಗೆ ಬಂದ 'ವೆಂಟ್'

ಇಂಗ್ಲಿಷ್ ಪಾಠ ಹೇಳಿಕೊಡಲು ಕುಳಿತಾಗ ನಮ್ಮ ಮಕ್ಕಳು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: 'ವಾಕ್' ಎಂಬುದು 'ವಾಕ್ಡ್' ಆಗುವುದಾದರೆ 'ಗೋ' ಎಂಬುದು 'ಗೋಡ್' ಏಕಾಗಬಾರದು? ಈ 'ವೆಂಟ್' ಎಲ್ಲಿಂದ ಬಂತು? "ಅದು ಹಾಗೆಯೇ, ಬಾಯಿಪಾಠ ಮಾಡು" ಎಂದು ನಾವು ಜಾರಿಕೊಳ್ಳುತ್ತೇವೆ. ಆದರೆ ಆ ಪ್ರಶ್ನೆಯ ಹಿಂದೆ ಸಾವಿರ ವರ್ಷಗಳ ಇತಿಹಾಸವಿದೆ.

ಹಳೆಯ ಇಂಗ್ಲಿಷಿನಲ್ಲಿ ಹೋಗುವುದಕ್ಕೆ 'ಗಾನ್' ಎನ್ನುತ್ತಿದ್ದರು. ಅದರ ಭೂತಕಾಲ 'ಎಓದೆ'. ಬೇರೆಯೇ ಬೇರಿನಿಂದ ಬಂದ ರೂಪವದು. ಇದರ ಜೊತೆಗೆ 'ವೆಂಡನ್' ಎಂಬ ಇನ್ನೊಂದು ಕ್ರಿಯಾಪದವಿತ್ತು. ತಿರುಗು, ತಿರುಗಿಸು ಎಂಬುದು ಅದರ ಅರ್ಥ. ಬರಬರುತ್ತ ಪಯಣಿಸು ಎಂಬ ಅರ್ಥವೂ ಸೇರಿತು. 'ಸೆಂಡ್' ಎಂಬುದಕ್ಕೆ 'ಸೆಂಟ್' ಇರುವಂತೆ 'ವೆಂಡ್' ಎಂಬುದಕ್ಕೆ 'ವೆಂಟ್'. 1400ರಲ್ಲಿ ತೀರಿಕೊಂಡ ಕವಿ ಚಾಸರನಲ್ಲಿ, 'ಎಓದೆ'ಯಿಂದ ಹುಟ್ಟಿದ 'ಯೇಡೆ'ಯೂ 'ವೆಂಟೆ'ಯೂ ಎರಡೂ ಕಾಣಸಿಗುತ್ತವೆ. 15ನೆಯ ಶತಮಾನ ಕಳೆಯುವಷ್ಟರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ 'ವೆಂಟ್' ತನ್ನ ಮನೆ ಬಿಟ್ಟು 'ಗೋ' ಮನೆಯಲ್ಲಿ ನೆಲೆಸಿಬಿಟ್ಟಿತು. ಸ್ಕಾಟ್ಲೆಂಡಿನವರು ಮಾತ್ರ ನಮ್ಮ ಮಕ್ಕಳ ಮಾತನ್ನೇ ನಡೆಸಿದರು: 'ಗೇ' ಎಂಬುದಕ್ಕೆ 'ಗೇಡ್' ಎಂದರು.

ಮುಂದೆ 'ಗೋ' ನಡೆಯದೆಯೂ ಹೋಗಲು ಕಲಿಯಿತು. ಏನನ್ನೋ ಮಾಡಲು ಹೊರಟವನ ಮಾತಾಗಿದ್ದ 'ಗೋಯಿಂಗ್ ಟು', ಕುಳಿತಲ್ಲೇ ಭವಿಷ್ಯವನ್ನು ಹೇಳುವ ಮಾತಾಯಿತು. 1646ರಲ್ಲಿ ಜೋಶುವಾ ಪೂಲ್ ತನ್ನ ವ್ಯಾಕರಣದಲ್ಲಿ ಅದನ್ನು ಭವಿಷ್ಯದ ಗುರುತಾಗಿ ಹೇಳಿದ್ದಾನೆ. ನಮ್ಮ 'ಹೋಗು' ಹಿಡಿದದ್ದು ಬೇರೆ ದಾರಿ. ಹಾಲು ಉಕ್ಕಿಹೋಯಿತು, ಹೆಸರು ಮರೆತುಹೋಯಿತು ಎನ್ನುವಾಗ ಅದು ಮುಗಿದುಹೋದದ್ದನ್ನು ಹೇಳುತ್ತದೆ. ಹಳಗನ್ನಡದಲ್ಲಿ ಅದು 'ಪೋಗು'. ಪಕಾರ ಹಕಾರವಾದದ್ದು ನಮ್ಮಲ್ಲಿ; ಚೆನ್ನೈ, ಹೈದರಾಬಾದುಗಳಲ್ಲಿರುವ ನಮ್ಮವರು ನೆರೆಹೊರೆಯವರ ಬಾಯಲ್ಲಿ ಇಂದಿಗೂ 'ಪೋ' ಎಂಬುದನ್ನು ಕೇಳುತ್ತಾರೆ.

ಇನ್ನು, 'ವೆಂಟ್' ಬಿಟ್ಟುಹೋದ ಮನೆಯ ಗತಿಯೇನು? 'ವೆಂಡ್' ತನಗೆಂದು 'ವೆಂಡೆಡ್' ಎಂಬ ಹೊಸ ರೂಪ ಮಾಡಿಕೊಂಡಿತು. ಈಗ ಅದು ಪುಸ್ತಕಗಳ ಒಂದೆರಡು ನುಡಿಗಟ್ಟುಗಳಲ್ಲಷ್ಟೇ ಉಳಿದಿದೆ. 'ವೆಂಟ್' ಮಾತ್ರ ನಿಯಮಕ್ಕೆ ಒಗ್ಗದಿದ್ದರೂ ಅಳಿಯಲಿಲ್ಲ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತನ್ನು ಮಕ್ಕಳು ನಿಯಮ ಕಲಿಯುವ ಮೊದಲೇ ಕಲಿತುಬಿಡುತ್ತಾರೆ. ಅಪರೂಪದ ಮಾತಿಗೆ ಆ ಭಾಗ್ಯವಿಲ್ಲ. ನಮ್ಮ 'ಹೋದ', 'ಹೋಯಿತು'ಗಳೂ ಹೀಗೆ ಕೇಳಿ ಕೇಳಿಯೇ ಬಂದವು.

ಪರವೂರಿನಲ್ಲಿರುವ ನಮಗೆ ಇದು ಬರೀ ಇಂಗ್ಲಿಷಿನ ಕಥೆಯಲ್ಲ. ಹಬ್ಬಕ್ಕೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಆಡುವ ಕನ್ನಡ 'ವೆಂಡ್'ನಂತೆ ಪುಸ್ತಕ ಸೇರೀತು. ಮಗು ಶಾಲೆಗೆ ಹೊರಟಾಗ "ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು" ಎಂದು ನಮ್ಮ ಅಜ್ಜಿಯರು ತಿದ್ದುತ್ತಿದ್ದರು. ದಿನವೂ ಬೆಳಗ್ಗೆ ಬಾಗಿಲಲ್ಲಿ ಅಷ್ಟು ಕನ್ನಡವನ್ನಾದರೂ ನಾವು ಆಡಿಸೋಣ.