ಹದ ಬಂದ ಮರವೇ ಬಿಲ್ಲು

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ 'ಮೇರಿ ರೋಸ್' 1545ರ ಜುಲೈ 19ರಂದು ಫ್ರೆಂಚರೊಡನೆ ಕಾದಾಡುತ್ತ ಸೋಲೆಂಟ್ ಜಲಸಂಧಿಯಲ್ಲಿ ಮುಳುಗಿತು. 437 ವರ್ಷಗಳ ಬಳಿಕ, 1982ರ ಅಕ್ಟೋಬರ್ 11ರಂದು ಅದರ ಒಡಲನ್ನು ಮೇಲೆತ್ತಲಾಯಿತು. ಸಮುದ್ರತಳದ ಕೆಸರಿನಲ್ಲಿ ಹೂತು ಉಳಿದಿದ್ದ ಸಾಮಗ್ರಿಗಳಲ್ಲಿ 130ಕ್ಕೂ ಹೆಚ್ಚು ಇಡೀ ಬಿಲ್ಲುಗಳು, 3,500ಕ್ಕೂ ಮಿಕ್ಕಿದ ಬಾಣಗಳು ದೊರೆತವು. ಬಿಲ್ಲುಗಳ ಸರಾಸರಿ ಉದ್ದ ಸುಮಾರು ಎರಡು ಮೀಟರ್. ಅವುಗಳಲ್ಲಿ ಬಹುಪಾಲನ್ನು ಪೂರ್ತಿ ಎಳೆಯಲು 45 ಕಿಲೋ ತೂಕವನ್ನು ಎತ್ತುವುದಕ್ಕಿಂತ ಹೆಚ್ಚಿನ ಬಲ ಬೇಕಾಗಿತ್ತೆಂದು ತಜ್ಞರು ಅಂದಾಜು ಮಾಡಿದ್ದಾರೆ. ಕ್ರೆಸಿ (1346) ಮತ್ತು ಅಜಿನ್‌ಕೂರ್ (1415) ಕದನಗಳಲ್ಲಿ ಫ್ರೆಂಚ್ ಸೇನೆಯನ್ನು ಕಂಗೆಡಿಸಿದ್ದು ಇಂಥ ಬಿಲ್ಲುಗಳೇ.

ಇಷ್ಟು ಶಕ್ತಿಯ ಆಯುಧದಲ್ಲಿ ಅಂಟಿಸಿದ ಪದರಗಳಿರಲಿಲ್ಲ. ಕೊಂಬು, ಸ್ನಾಯುಗಳ ಜೋಡಣೆಯೂ ಇರಲಿಲ್ಲ. ಅದು ಯೂ ಎಂಬ ಮರದ ಒಂದೇ ತುಂಡು. ಆ ಮರದ ಕೆಂಗಂದು ಚೇಗಿನ ಹೊರಗೆ ಬಿಳಿಯ ಎಳೆಮರದ ತೆಳು ಪದರವಿರುತ್ತದೆ. ಬಿಲ್ಲು ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವುದನ್ನು ಎಳೆಮರ ತಾಳಿಕೊಳ್ಳುತ್ತದೆ. ಒತ್ತಡವನ್ನು ಚೇಗು ತಾಳಿಕೊಳ್ಳುತ್ತದೆ. ಹೀಗೆ ಎರಡು ಗುಣದ ಪದರಗಳನ್ನು ಪ್ರಕೃತಿಯೇ ಕೂಡಿಸಿಕೊಟ್ಟಿದೆ. ಬಿಲ್ಲುಗಾರನ ಕೆಲಸವೆಂದರೆ ಎರಡನ್ನೂ ಕೆಡಿಸದೆ ಕಾಯುವುದು. ಆ ಕಾಯುವಿಕೆ ಮರ ಕಡಿದ ದಿನದಿಂದಲೇ ಶುರು.

ಹಸಿ ಮರದ ಬಾಗಿಲು ಮಾಡಿಸಿದವರಿಗೆ ಅದು ಬೇಸಿಗೆಯಲ್ಲಿ ಬಿರಿಯುವುದು ಗೊತ್ತು. ಕಾರಣ ಸರಳ. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಅಡ್ಡಕ್ಕೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮನಲ್ಲ. ಬಹುತೇಕ ಮರಗಳು ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು ಉಂಗುರಗಳ ಗುಂಟ ಕುಗ್ಗುತ್ತವೆ. ಇಡೀ ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ಈ ಸೆಳೆತ ತಾಳದೆ ಅದು ತಾನಾಗಿ ಸೀಳುತ್ತದೆ. ಆದ್ದರಿಂದ ದಿಮ್ಮಿಯನ್ನು ಮೊದಲೇ ಬೆಣೆ ಹೊಡೆದು ಎರಡಾಗಿ, ನಾಲ್ಕಾಗಿ ಸೀಳುತ್ತಾರೆ. ಗರಗಸಕ್ಕಿಂತ ಬೆಣೆ ಮೇಲು; ಅದು ಮರದ ಎಳೆಯನ್ನೇ ಅನುಸರಿಸಿ ಸಾಗುತ್ತದೆ. ಎಳೆ ತುಂಡಾದ ಕಡೆ ಮುಂದೆ ಬಿಲ್ಲು ಮುರಿಯುವ ಅಪಾಯವಿದೆ.

ಮರ ಕಡಿಯಲು ಚಳಿಗಾಲ ಒಳ್ಳೆಯದು. ಆಗ ಹುಳು, ಬೂಷ್ಟಿನ ಕಾಟ ಕಡಿಮೆ, ಒಣಗುವಿಕೆಯೂ ನಿಧಾನ. ಕಡಿದ ತುದಿಗಳಿಂದ ತೇವ ಮೈಗಿಂತ ಅನೇಕ ಪಟ್ಟು ವೇಗವಾಗಿ ಹೊರಹೋಗುವುದರಿಂದ ಮೊದಲ ಬಿರುಕು ಅಲ್ಲೇ ಬೀಳುತ್ತದೆ. ಇದನ್ನು ತಡೆಯಲು ತುದಿಗಳಿಗೆ ಮೇಣವನ್ನೋ ಅಂಟನ್ನೋ ಬಳಿಯಬೇಕು. ಆಮೇಲೆ ನೆರಳಿನಲ್ಲಿ, ಗಾಳಿಯಾಡುವಂತೆ, ನೆಲಕ್ಕೆ ತಾಗದಂತೆ ಜೋಡಿಸಿಡಬೇಕು. ಹಸಿ ಮರದಲ್ಲಿ ತೇವ ಸುಮಾರು 30 ಶೇಕಡಾಕ್ಕೆ ಇಳಿಯುವವರೆಗೆ ಹೆಚ್ಚೇನೂ ಆಗದು; ಕುಗ್ಗುವಿಕೆ ಆರಂಭವಾಗುವುದು ಅನಂತರವೇ. ಬಿಲ್ಲಿಗೆ ಬೇಕಾದ ಹದ ಸುಮಾರು 8ರಿಂದ 12 ಶೇಕಡಾ. ತೇವ ಹೆಚ್ಚಿದ್ದರೆ ಬಿಲ್ಲು ಬಾಗಿದಂತೆಯೇ ಉಳಿದು ಬಲಗುಂದುತ್ತದೆ. ತೀರ ಒಣಗಿದರೆ ಪಟ್ಟನೆ ಮುರಿಯುತ್ತದೆ. ಹದ ತಿಳಿಯಲು ಹಳೆಯ ಉಪಾಯ ತಕ್ಕಡಿ: ವಾರ ವಾರ ತೂಗಿದಾಗ ಇಳಿಕೆ ನಿಂತರೆ, ಸುತ್ತಲಿನ ಗಾಳಿ ಎಳೆದುಕೊಳ್ಳಬಹುದಾದ ನೀರೆಲ್ಲ ಹೋಯಿತೆಂದು ಅರ್ಥ.

ಇದಕ್ಕೆ ಒಂದೆರಡು ವರ್ಷ ಹಿಡಿಯುತ್ತಿತ್ತು. ಅನಂತರ ಸ್ವಲ್ಪ ಕೆತ್ತುವುದು, ಬಾಗಿಸಿ ನೋಡುವುದು, ಮತ್ತೆ ಇಡುವುದು. ಹೀಗೆ ಒಂದು ಬಿಲ್ಲು ಸಿದ್ಧವಾಗಲು ನಾಲ್ಕು ವರ್ಷಗಳವರೆಗೂ ಆಗುತ್ತಿತ್ತು. 'ಮೇರಿ ರೋಸ್' ಮುಳುಗಿದ ವರ್ಷವೇ ರೋಜರ್ ಆಸ್ಕಮ್ ಎಂಬ ವಿದ್ವಾಂಸ ಇಂಗ್ಲಿಷಿನಲ್ಲಿ ಬಿಲ್ವಿದ್ಯೆಯ ಗ್ರಂಥ 'ಟಾಕ್ಸೊಫಿಲಸ್' ಅನ್ನು ಪ್ರಕಟಿಸಿದ. ಕೊಂಬೆಗಿಂತ ಬೊಡ್ಡೆಯ ಮರವೇ ಬಿಲ್ಲಿಗೆ ಶ್ರೇಷ್ಠವೆಂಬುದು ಆತನ ಅಭಿಪ್ರಾಯ.

ಆದರೆ ಯುದ್ಧಕ್ಕೆ ಇಷ್ಟು ತಾಳ್ಮೆ ಎಲ್ಲಿಯದು? ಇಂಗ್ಲೆಂಡಿನ ಯೂ ಮರಗಳಲ್ಲಿ ಗಂಟು, ತಿರುವು ಜಾಸ್ತಿ. ಬೆಟ್ಟದ ಚಳಿಯಲ್ಲಿ ನಿಧಾನವಾಗಿ ಬೆಳೆದು ಉಂಗುರಗಳು ಒತ್ತಾಗಿರುವ ಆಲ್ಪ್ಸ್ ಮತ್ತಿತರ ಕಡೆಯ ಮರಕ್ಕೆ ಬೇಡಿಕೆ ಏರಿತು. 1472ರಲ್ಲಿ ಇಂಗ್ಲಿಷ್ ಸಂಸತ್ತು, ವಿದೇಶದಿಂದ ಬರುವ ಹಡಗುಗಳು ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲುಗಟ್ಟಿಗೆಗಳನ್ನು ತರಬೇಕೆಂದು ಕಾನೂನು ಮಾಡಿತು. ಪ್ರತಿ ಯೂ ಬಿಲ್ಲಿನೊಂದಿಗೆ ಎಲ್ಮ್, ಆಶ್‌ನಂಥ ಅಗ್ಗದ ಮರದ ಬಿಲ್ಲುಗಳನ್ನೂ ಮಾಡಬೇಕೆಂಬ ಕಟ್ಟಳೆ ಹೆನ್ರಿಯ ಕಾಲದಲ್ಲಿ ಬಂತು. ಹದಿನಾರನೆಯ ಶತಮಾನದಲ್ಲಿ ಬವೇರಿಯ, ಆಸ್ಟ್ರಿಯಗಳ ಕಾಡುಗಳಿಂದ ಲಕ್ಷಗಟ್ಟಲೆ ಕಟ್ಟಿಗೆಗಳು ಹೊರಹೋದವು. ಆ ಪ್ರದೇಶಗಳಲ್ಲಿ ಬಲಿತ ಯೂ ಮರಗಳು ಅಪರೂಪವಾದವು. ಅಷ್ಟು ನಿಧಾನ ಬೆಳೆಯುವ ಮರ ಮತ್ತೆ ತಲೆಯೆತ್ತುವುದು ಸುಲಭವಲ್ಲ. 1595ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರ ಸೇನೆಯ ಬಿಲ್ಲುಗಳ ಜಾಗಕ್ಕೆ ಬಂದೂಕುಗಳನ್ನು ತರಲು ಆದೇಶಿಸಿತು. ಈ ಬದಲಾವಣೆಗೆ ಬಂದೂಕಿನ ಬಲವೇ ಮುಖ್ಯ ಕಾರಣವಿರಬಹುದು. ಆದರೆ ಬಂದೂಕನ್ನು ಕಲಿಯಲು ಕೆಲವು ವಾರ ಸಾಕು. ಬಿಲ್ಲಾಳನ್ನು ಪಳಗಿಸಲೂ ವರ್ಷಗಳು ಬೇಕಿದ್ದವು ಎಂಬುದನ್ನು ಮರೆಯುವಂತಿಲ್ಲ.

ನಮ್ಮಲ್ಲಿ ಬೇರೆ ದಾರಿಗಳೂ ಇದ್ದವು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಬಗೆಯ ಬಿಲ್ಲುಗಳನ್ನು ಹೇಳುತ್ತದೆ. ವರ್ಷಗಳಲ್ಲೇ ಬಲಿಯುವ ಬಿದಿರು ಇದ್ದ ನಾಡಿಗೆ ಒಂದೇ ಮರವನ್ನು ನೆಚ್ಚಿಕೊಳ್ಳಬೇಕಾದ ಸ್ಥಿತಿ ಇರಲಿಲ್ಲ.

ಮರ ಒಣಗಲು ಎರಡು ವರ್ಷ, ಬೆಳೆಯಲು ನೂರಾರು ವರ್ಷ. ಮೊದಲನೆಯದನ್ನು ಬಿಲ್ಲುಗಾರ ಅರಿತಿದ್ದ. ಅವಸರಿಸಿದರೆ ಬಿಲ್ಲು ಅವನ ಕೈಯಲ್ಲೇ ಮುರಿಯುತ್ತಿತ್ತು. ಎರಡನೆಯದನ್ನು ರಾಜರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಬೆಲೆಯನ್ನು ತೆತ್ತದ್ದು ಕಾಡು.