ಸಿಡಿದ ಬಂಡೆಗೆ ಛಾಯಾಚಿತ್ರದ ಅಳತೆ

ಮದ್ದಿಟ್ಟು ಸಿಡಿಸಿದ ಬಂಡೆ ಎಷ್ಟೆಷ್ಟು ಗಾತ್ರದ ತುಂಡುಗಳಾಗಿದೆ ಎಂಬುದರ ಮೇಲೆ ಗಣಿಯ ಮುಂದಿನ ಖರ್ಚೆಲ್ಲ ನಿಂತಿದೆ. ಬೋಲ್ಡರ್‌ಗಳು ಹೆಚ್ಚಿದ್ದರೆ ಕ್ರಷರ್‌ನ ಬಾಯಿ ಕಟ್ಟಿಕೊಳ್ಳುತ್ತದೆ. ಪುಡಿ ಹೆಚ್ಚಾದರೆ ಮದ್ದು ದಂಡ. ಗಾತ್ರ ತಿಳಿಯಲು ಜರಡಿಗಿಂತ ನಂಬಿಕೆಯ ಸಾಧನವಿಲ್ಲ. ಆದರೆ ಒಂದೇ ಸ್ಫೋಟಕ್ಕೆ ಸಾವಿರಾರು ಟನ್ ಕಲ್ಲು ಉರುಳುವಲ್ಲಿ ಅದನ್ನೆಲ್ಲ ಜರಡಿ ಹಿಡಿಯುವುದು ಆಗದ ಮಾತು. ಛಾಯಾಚಿತ್ರಕ್ಕೆ ಮೊರೆಹೋದದ್ದು ಹೀಗೆ.

ಅಳೆಯುವ ತುರ್ತನ್ನು ಲೆಕ್ಕಾಚಾರವೂ ಹೆಚ್ಚಿಸಿತು. ಕಲ್ಲಿದ್ದಲ ಪುಡಿಗಾಗಿ ರೋಸಿನ್ ಮತ್ತು ರ‍್ಯಾಮ್ಲರ್ 1933ರಲ್ಲಿ ಕೊಟ್ಟ ವಿತರಣಾ ಸೂತ್ರವನ್ನೂ ಕುಜ್ನೆತ್ಸೋವ್ 1973ರಲ್ಲಿ ಕೊಟ್ಟ ಸರಾಸರಿ ಗಾತ್ರದ ಸೂತ್ರವನ್ನೂ ಜೋಡಿಸಿ, ಕನಿಂಗ್‌ಹ್ಯಾಮ್ 1983ರಲ್ಲಿ ‘ಕುಜ್-ರ‍್ಯಾಮ್’ ಮಾದರಿ ರೂಪಿಸಿದರು. ತುಂಡಿನ ಗಾತ್ರವನ್ನು ಮುಂಚಿತವಾಗಿ ಹೇಳುವ ಸೂತ್ರವೇನೋ ಕೈಗೆ ಬಂತು. ಅದು ನಿಜವೇ ಎಂದು ಕಲ್ಲಿನ ರಾಶಿಯಲ್ಲೇ ನೋಡಬೇಕಿತ್ತು.

ಮೊದಮೊದಲು ಚಿತ್ರದ ಮುದ್ರಿತ ಪ್ರತಿಯ ಮೇಲೆ ಒಂದೊಂದು ಕಲ್ಲಿನ ಅಂಚನ್ನೂ ಕೈಯಿಂದಲೇ ಗೆರೆ ಎಳೆದು ಗುರುತಿಸುತ್ತಿದ್ದರು. ಅಳತೆಗೋಲಾಗಿ ವ್ಯಾಸ ಗೊತ್ತಿರುವ ಎರಡು ಚೆಂಡುಗಳನ್ನು ರಾಶಿಯ ಮೇಲೊಂದು, ಬುಡಕ್ಕೊಂದು ಇಡುವ ಪದ್ಧತಿಯೂ ಬಂತು: ರಾಶಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಮೇಲಿನ ಕಲ್ಲು ಚಿತ್ರದಲ್ಲಿ ಚಿಕ್ಕದಾಗಿ ಕಾಣುತ್ತದೆ. ಎರಡು ಚೆಂಡುಗಳ ಅಳತೆಯಿಂದ ಆ ವ್ಯತ್ಯಾಸ ಸರಿಪಡಿಸಬಹುದು.

1980ರ ದಶಕದಲ್ಲಿ ಕಂಪ್ಯೂಟರ್ ಈ ಕೆಲಸಕ್ಕೆ ಇಳಿಯಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮ್ಯಾರ್ಜ್, ಫ್ರ್ಯಾಂಕ್ಲಿನ್ ಮೊದಲಾದವರ ಸಂಶೋಧನೆಯಿಂದ ವಿಪ್‌ಫ್ರ್ಯಾಗ್, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಿಂದ ಸ್ಪ್ಲಿಟ್ ಎಂಬ ತಂತ್ರಾಂಶಗಳು ಬಂದವು. ಭಾರತದಲ್ಲಿ ಫ್ರ್ಯಾಗಲಿಸ್ಟ್ ಬಳಕೆಗೆ ಬಂತು. 1996ರಲ್ಲಿ ಮಾಂಟ್ರಿಯಲ್‌ನಲ್ಲಿ ಈ ಅಳತೆಗೆಂದೇ ಒಂದು ಕಾರ್ಯಾಗಾರ ನಡೆಯಿತು.

ಕಲ್ಲುಗಳ ನಡುವಿನ ಕಪ್ಪು ನೆರಳನ್ನು ಹಿಡಿದು ಅಂಚು ಪತ್ತೆಮಾಡುವುದು ಈ ತಂತ್ರಾಂಶಗಳ ಮೂಲ ಉಪಾಯ. ಅವು ಎಡವುವುದೂ ಅಲ್ಲೇ. ಕಲ್ಲಿನ ಮೈಮೇಲೆ ಬಿರುಕೋ ಬಣ್ಣದ ಪಟ್ಟೆಯೋ ಇದ್ದರೆ ಒಂದೇ ಕಲ್ಲು ನಾಲ್ಕಾಗುತ್ತದೆ. ಸಣ್ಣ ಜಲ್ಲಿ ಒತ್ತೊತ್ತಾಗಿ ಬಿದ್ದಿದ್ದರೆ ಹತ್ತು ಕೂಡಿ ಒಂದಾಗುತ್ತವೆ. ಪುಡಿಯಂತೂ ಸಂದಿಗಳಲ್ಲಿ ಅಡಗುತ್ತದೆ. ಹಾಗಾಗಿ ಚಿತ್ರದ ಲೆಕ್ಕ ಸಾಮಾನ್ಯವಾಗಿ ದೊಡ್ಡ ಗಾತ್ರದ ಕಡೆಗೇ ವಾಲುತ್ತದೆ. ಇದಕ್ಕೆ ದೂರದಿಂದಲೂ ಹತ್ತಿರದಿಂದಲೂ ತೆಗೆದ ಚಿತ್ರಗಳ ಫಲಿತಾಂಶ ಕೂಡಿಸುವುದು, ಮಾದರಿಯೊಂದನ್ನು ಜರಡಿ ಹಿಡಿದು ತಿದ್ದುಪಡಿ ಕಂಡುಕೊಳ್ಳುವುದು ರೂಢಿಗೆ ಬಂತು. ಔಕ್ಟರ್ಲೋನಿ 2005ರಲ್ಲಿ ಮಂಡಿಸಿದ ಸ್ವೆಬ್ರೆಕ್ ಸೂತ್ರ ಸಣ್ಣ ಚೂರುಗಳ ಪಾಲನ್ನು ರೋಸಿನ್-ರ‍್ಯಾಮ್ಲರ್‌ಗಿಂತ ಚೆನ್ನಾಗಿ ಹಿಡಿಯುತ್ತದೆ.

ಇಂದು ಕ್ಯಾಮೆರಾ ಶೊವೆಲ್, ಕನ್ವೇಯರ್, ಡ್ರೋನ್‌ಗಳನ್ನು ಏರಿದೆ. ಮೂರು ಆಯಾಮದ ಅಳತೆಯಿಂದ ಚೆಂಡಿನ ಅಗತ್ಯವೂ ತಗ್ಗಿದೆ. ಅಂಚು ಗುರುತಿಸುವ ಕೆಲಸವನ್ನು ಕಂಪ್ಯೂಟರಿನ ಕೃತಕ ನರಜಾಲಗಳು ಬಹುಮಟ್ಟಿಗೆ ಸುಲಭ ಮಾಡಿವೆ. ಆದರೆ ಎಂಥ ನರಜಾಲಕ್ಕೂ ಕಾಣುವುದು ರಾಶಿಯ ಹೊರಮೈ ಮಾತ್ರ. ಒಳಗಿನ ಕಲ್ಲು ತಿಳಿಯಬೇಕಾದರೆ ಶೊವೆಲ್ ರಾಶಿಯನ್ನು ಅಗೆಯುತ್ತ ಹೋದಂತೆ ಮತ್ತೆ ಮತ್ತೆ ಚಿತ್ರ ತೆಗೆಯಬೇಕು. ಅಷ್ಟು ಮಾಡಿದರೆ, ಒಂದೇ ಗಣಿಯ ಎರಡು ಸ್ಫೋಟಗಳನ್ನು ಹೋಲಿಸಲು ಚಿತ್ರದ ಅಂಕಿಯನ್ನು ಧೈರ್ಯವಾಗಿ ನಂಬಬಹುದು. ಆದರೆ ನಿಖರ ಗಾತ್ರ ಬೇಕಾದಾಗ ಜರಡಿಯ ತಾಳೆ ಬೇಕೇ ಬೇಕು.