ಸೇರು, ಗೋಣಿ ಮತ್ತು ಶ್ರಾವಕನ ವ್ರತ

ಮಲಪ್ರಭೆಯ ದಂಡೆಯ ಮನೋಳಿ ಸವದತ್ತಿ ಸೀಮೆಗೆ ಸೇರಿದುದು. ಸವದತ್ತಿಯೆಂದರೆ ರಟ್ಟರ ಸುಗಂಧವರ್ತಿ. ಆ ಮನೆತನದ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, ಕ್ರಿ.ಶ. 1204ರಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ಸಂದ ದತ್ತಿಯ ಶಾಸನದಲ್ಲಿ ವರ್ತಕರು ಭತ್ತ, ವೀಳ್ಯದೆಲೆ ಮೊದಲಾದ ಸರಕುಗಳ ಮೇಲೆ ಬಿಟ್ಟುಕೊಟ್ಟ ಆಯದ ವಿವರವಿದೆ. ಸರಕು ಹೇರಿನಲ್ಲಿ ಬಂದು ಅಳತೆಯಲ್ಲಿ ಮಾರಾಟವಾಗುತ್ತಿದ್ದ ಪೇಟೆ ಅದು.

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಈ ಸೀಮೆಯ ಕಿರಾಣಿ ಅಂಗಡಿಯ ಕ್ರಮ ಬಹಳ ಬೇರೆಯಾಗಿರಲಿಲ್ಲ. ಬಾಯಿ ಮಡಚಿಟ್ಟ ಗೋಣಿಚೀಲಗಳು. ಅಳೆಯಲು ಸೇರು, ಅಚ್ಛೇರು, ಪಾವು, ಚಟಾಕು. ಗಿರಾಕಿ ಅರಿವೆಯ ಚೀಲ ತರುತ್ತಿದ್ದ. ಜೀರಿಗೆ ಸಾಸಿವೆಗಳು ಹಳೆಯ ಕಾಗದದ ಪುಡಿಕೆಯಲ್ಲಿ ನೂಲು ಸುತ್ತಿಕೊಂಡು ಹೋಗುತ್ತಿದ್ದವು. ಬರಿದಾದ ಗೋಣಿ ಮತ್ತೆ ಧಾನ್ಯ ತುಂಬಲಿಕ್ಕೆ, ಹರಿದರೆ ಹಾಸಲಿಕ್ಕೆ. ಎಸೆಯುವ ವಸ್ತುವೇ ಕಡಿಮೆ.

ಹಾಗಾದರೆ ಪೊಟ್ಟಣ ಏಕೆ ಗೆದ್ದಿತು? ವ್ಯಾಪಾರಿ ಸಮಾಜಕ್ಕೆ ಉತ್ತರ ಹಿತವಾಗಲಾರದು. ತಳವನ್ನು ಒಳಕ್ಕೆ ಬಡಿದ ಸೇರು, ಬೇಳೆಯಲ್ಲಿ ಹರಳು, ಇವುಗಳಿಂದ ನೊಂದ ಗಿರಾಕಿಯು ಮುಚ್ಚಿದ ಪೊಟ್ಟಣವನ್ನು ನಂಬಿದ. ಅದರ ಮೇಲೆ ನಿವ್ವಳ ತೂಕ, ಬೆಲೆಗಳನ್ನು ನಮೂದಿಸಬೇಕೆಂದು 1977ರ ನಿಯಮಗಳು ವಿಧಿಸಿದವು. ಹೀನಾಧಿಕ ಮಾನೋನ್ಮಾನವನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಶ್ರಾವಕನ ವ್ರತ ಸಡಿಲಾದ ಕಡೆ ಪ್ಲಾಸ್ಟಿಕ್ಕು ಬಂದು ಕುಳಿತಿತೆಂದರೆ ಅತಿಶಯವಲ್ಲ. ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತಾದರೂ ಬೇಳೆಕಾಳಿನ ಪೊಟ್ಟಣ ಹಾಗೆಯೇ ಉಳಿಯಿತು. ತಿಪ್ಪೆಯಲ್ಲಿ ಅದನ್ನು ಮೇಯುವ ಹಸುವಿನ ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ.

ಇಡಿಯಾಗಿ ಕೊಳ್ಳುವುದೇ ಪರಿಹಾರವೆಂದು ಅವಸರಪಡುವಂತಿಲ್ಲ. ಮನೆಯಲ್ಲಿ ಕೂಡಿಟ್ಟ ಧಾನ್ಯಕ್ಕೆ ಹುಳು ಬಿದ್ದರೆ ಪೊಟ್ಟಣ ಉಳಿಸಿದ ಪುಣ್ಯವೆಲ್ಲಿ? ಹಿರಿಯರು ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ಹಾಕಿದ್ದು ಇದಕ್ಕೇ. ಆದ್ದರಿಂದ ಇಡಿಯಾಗಿ ಕೊಳ್ಳತಕ್ಕದ್ದು ಕಾಳು, ಹಿಟ್ಟಲ್ಲ. ಅದನ್ನೂ ಒಣಗಿಸಿ, ಶೋಧಿಸಿ, ಚಾತುರ್ಮಾಸಕ್ಕೆ ಮುನ್ನ ಖರ್ಚಾಗುವಷ್ಟೇ. ಪರಿಗ್ರಹ ಪರಿಮಾಣವೂ ಅದನ್ನೇ ಬೇಡುತ್ತದೆ.

ಬಸದಿಯ ಟ್ರಸ್ಟುಗಳಿಗೆ ಇಲ್ಲೊಂದು ಕೆಲಸವಿದೆ. 50 ಕಿಲೋ ಅಕ್ಕಿಯ ಗೋಣಿಯೊಂದನ್ನು ತರಿಸಿ ಐದು ಮನೆಗಳಿಗೆ ತಲಾ 10 ಕಿಲೋದಂತೆ ಹಂಚಿದರೆ, ಒಂದು ಕಿಲೋದ 50 ಪೊಟ್ಟಣಗಳು ಹುಟ್ಟುವುದೇ ಇಲ್ಲ. ಯಾರ ಮನೆಯಲ್ಲೂ ಹುಳು ಬೀಳುವಷ್ಟು ದಾಸ್ತಾನು ಉಳಿಯುವುದಿಲ್ಲ. ತಕ್ಕಡಿ ಮಾತ್ರ ಎಲ್ಲರ ಕಣ್ಣೆದುರಿಗಿರಬೇಕು. ಬರಿದಾದ ಗೋಣಿಯನ್ನು ಝಾಡಿಸಿ ಅಂಗಡಿಗೆ ಮರಳಿಸಬಹುದು.